ಮೊದಲು ಟೋಪಿ, ಕೊನೆಗೆ ಮುಖ

ನಮ್ಮ ಬಸ್ ಡಿಪೋದ ಮೇಲ್ಮಹಡಿಯಲ್ಲಿ, ಮೆಟ್ಟಿಲು ಹತ್ತಿದ ಕೂಡಲೇ ಒಂದು ಉದ್ದನೆಯ ಕಾರಿಡಾರ್ ಇದೆ. ಅದರ ಎರಡೂ ಗೋಡೆಗಳ ಮೇಲೆ ಹಾಳೆಯಲ್ಲಿ ಪೆನ್ಸಿಲ್ಲಿನಿಂದ ಬರೆದು ಮೊಳೆಗೆ ನೇತುಹಾಕಿದ ನೂರಾ ನಲವತ್ತು ಮುಖಗಳು. ಇಪ್ಪತ್ತು ವರ್ಷ ಸರ್ವೀಸು ಮುಗಿಸಿದವರಿಗೆಲ್ಲ ಅಲ್ಲೊಂದು ಜಾಗ. ಡ್ರೈವರು, ಕಂಡಕ್ಟರು, ಟೈರು ಬಿಚ್ಚುವವನು, ಗೇಟು ಕಾಯುವವನು ಎಂಬ ಭೇದವಿಲ್ಲ. ಹೊರಗಿನವರು ಬಂದರೆ ಮುಖಗಳನ್ನು ನೋಡುತ್ತಾರೆ. ಡಿಪೋದವರಾದ ನಾವು ಮೊದಲು ಟೋಪಿ ನೋಡುತ್ತೇವೆ. ಟೋಪಿ ತಲೆಯ ಮೇಲಿದ್ದರೆ ಆ ಮನುಷ್ಯ ಇನ್ನೂ ಕೆಲಸದಲ್ಲಿದ್ದಾನೆ ಎಂದರ್ಥ. ಟೋಪಿ ಕೈಯಲ್ಲಿದ್ದರೆ ನಿವೃತ್ತನಾಗಿ ಮನೆಯಲ್ಲಿ ಹೆಂಡತಿಯ ಕೈಲಿ ಬೈಸಿಕೊಳ್ಳುತ್ತಿದ್ದಾನೆ. ಟೋಪಿ ಪಕ್ಕದ ಸ್ಟೂಲಿನ ಮೇಲಿದ್ದರೆ, ಕೆಲಸದಲ್ಲಿರುವಾಗಲೇ ತೀರಿಕೊಂಡಿದ್ದಾನೆ. ಹಾಗೆ ತೀರಿಕೊಂಡವರಿಗೆ ಮಾತ್ರ ಇಪ್ಪತ್ತು ವರ್ಷದ ಲೆಕ್ಕವಿಲ್ಲ. ನಿವೃತ್ತನಾದರೆ, ತೀರಿಕೊಂಡರೆ ಹಳೆಯ ಚಿತ್ರ ಇಳಿಸಿ ಹೊಸದನ್ನು ಹಾಕುತ್ತಾರೆ.

ಈ ಕಾನೂನು ಯಾವ ಪುಸ್ತಕದಲ್ಲೂ ಇಲ್ಲ. ಬಹಳ ಹಿಂದೆ ಈ ಗೋಡೆಗೆ ಚಿತ್ರ ಬರೆಯಲು ಶುರು ಮಾಡಿದ ಹಳೆಯ ಪೇಂಟರ್ ಒಬ್ಬರಿದ್ದರು. ಮೊದಲು ಸತ್ತ ಡ್ರೈವರನ ಮನೆಯಲ್ಲಿ ಅವರಿಗೆ ಸಿಕ್ಕಿದ್ದು ಒಂದೇ ಒಂದು ಫೋಟೋ. ಅದರಲ್ಲಿ ಆತ ಸೆಕೆ ತಾಳಲಾರದೆ ಟೋಪಿ ತೆಗೆದು ಪಕ್ಕದ ಸ್ಟೂಲಿನ ಮೇಲಿಟ್ಟು ಕೂತಿದ್ದ. ಪೇಂಟರ್ ಇದ್ದದ್ದನ್ನು ಇದ್ದ ಹಾಗೆ ಬರೆದರು. ಎರಡನೆಯವನು ಸತ್ತಾಗ ಅವನ ಮನೆಯವರು ನಮಗೂ ಹಾಗೇ ಬೇಕು ಎಂದರು. ಮೂರನೆಯ ಸಾವಿನ ಹೊತ್ತಿಗೆ ಅದು ಸಂಪ್ರದಾಯವಾಗಿ ಹೋಗಿತ್ತು. ಯಾರೋ ಒಬ್ಬನಿಗೆ ಸೆಕೆಯಾಗಿದ್ದಕ್ಕೆ ನಾವೆಲ್ಲ ಐವತ್ತು ವರ್ಷ ಸ್ಟೂಲು ಕಂಡರೆ ಹೆದರುತ್ತ ಬಂದೆವು. ಮನುಷ್ಯರ ಬುದ್ಧಿಯೇ ಇಷ್ಟು, ನನಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ.

ಆ ಪೇಂಟರ್ ಕೈಕೆಳಗೆ ಹತ್ತೊಂಬತ್ತನೆಯ ವಯಸ್ಸಿನಲ್ಲಿ ಸೇರಿಕೊಂಡು, ಅವರ ನಂತರ ಮೂವತ್ತು ವರ್ಷ ಆ ಗೋಡೆಯನ್ನು ತುಂಬಿಸಿದವರು ನಮ್ಮ ಬೋರ್ಡಣ್ಣ. ಬಸ್ಸಿನ ನೆತ್ತಿಯ ಮೇಲಿನ ಊರಿನ ಬೋರ್ಡು ಬರೆಯುವುದು ಅವರ ನಿಜವಾದ ಕೆಲಸ, ಆದ್ದರಿಂದ ಆ ಹೆಸರು. ಮುಖ ಬರೆಯುವುದು ಅವರು ಊಟದ ಹೊತ್ತನ್ನು ಕೊಟ್ಟು ಮಾಡುತ್ತಿದ್ದ ಕೆಲಸ. ನಾನು ಡಿಪೋದ ಸ್ಟೋರ್ ನೋಡಿಕೊಳ್ಳುವವಳು. ಬೋಲ್ಟು, ಬಲ್ಬು, ಬ್ರೇಕ್ ಲೈನಿಂಗಿನ ಜೊತೆಗೆ ಬೋರ್ಡಣ್ಣನ ಪೆನ್ಸಿಲ್ಲು, ದಪ್ಪ ಹಾಳೆಗಳೂ ನನ್ನ ಬೀರುವಿನಲ್ಲೇ ಇರುತ್ತಿದ್ದವು. ಯಾರಿಗೂ ಒಂದು ಗುಂಡುಸೂಜಿಯನ್ನೂ ಪ್ರಶ್ನೆ ಕೇಳದೆ ಕೊಟ್ಟವಳಲ್ಲ ನಾನು. ಸೊಂಟದಲ್ಲಿ ಬೀಗದ ಕೈಗಳ ಗೊಂಚಲು ಇರುವುದರಿಂದ ನನ್ನನ್ನು ಬೀಗದಮ್ಮ ಎನ್ನುತ್ತಾರೆ, ಬೆನ್ನ ಹಿಂದೆಯೂ ಮುಖದ ಮುಂದೆಯೂ.

ಬಸ್ಸು ತೊಳೆಯುವ ಜಾಗದ ಹಿಂದೆ ಬೋರ್ಡಣ್ಣನ ಕೋಣೆ. ಗೋಡೆಗೆ ಒರಗಿಸಿಟ್ಟ ಹಳೆಯ ಬೋರ್ಡುಗಳು, ಟರ್ಪೆಂಟೈನ್ ವಾಸನೆ, ಕಿಟಕಿಯ ಕೆಳಗೆ ಇಳಿಜಾರಾಗಿ ನಿಲ್ಲಿಸಿದ ಒಂದು ಹಲಗೆ. ಬೆಳಗ್ಗೆಯೆಲ್ಲ ಗೇಣುದ್ದದ ಅಕ್ಷರ ತೀಡಿ, ಮಧ್ಯಾಹ್ನ ಕೈ ತೊಳೆದು ಆ ಹಲಗೆಯ ಮುಂದೆ ಕೂರುತ್ತಿದ್ದರು. ಅವರ ಪದ್ಧತಿ ಒಂದೇ: ಮೊದಲು ಟೋಪಿ, ಕೊನೆಗೆ ಮುಖ. ಬೇರೆ ಕಲಾವಿದರು ಕಣ್ಣಿನಿಂದ ಶುರು ಮಾಡುತ್ತಾರಂತೆ. "ಟೋಪಿ ಸರಿಯಾಗಿ ಕೂತ್ರೆ ತಲೆ ಎಷ್ಟು ದೊಡ್ಡದು ಅಂತ ಅದೇ ಹೇಳುತ್ತೆ. ಮುಖ ದಿನಕ್ಕೊಂದು ಥರ ಇರುತ್ತೆ, ಅದಕ್ಕೆ ಕಾಯ್ಬೇಕು" ಎನ್ನುತ್ತಿದ್ದರು. ಟೋಪಿಯೂ ಯಾವುದೋ ಒಂದು ಆಗುವಂತಿಲ್ಲ, ಆ ಮನುಷ್ಯನದೇ ಎದುರಿಗಿರಬೇಕು. ಮನೆಗೆ ಹೋಗಿ ಕೇಳಿ ತರುತ್ತಿದ್ದರು.

ನಮ್ಮ ಕಣ್ಣಿಗೆ ಎಲ್ಲವೂ ಒಂದೇ ನೀಲಿ ಟೋಪಿ, ಒಂದೇ ಹಿತ್ತಾಳೆ ಬಿಲ್ಲೆ. ಅವರಿಗೆ ಹಾಗಲ್ಲ. ಹೆಬ್ಬೆರಳು ಊರಿ ಟೋಪಿ ತೆಗೆಯುವವನ ಅಂಚು ಒಂದು ಕಡೆ ಸವೆದಿರುತ್ತದೆ. ಮೇಲಿನವರಿಗೆ ಹೆದರುವವನ ಬಿಲ್ಲೆ ಫಳಫಳ, ಹೆದರದವನದು ಮಂಕು. ಒಳಪಟ್ಟಿಯ ಬೆವರಿನ ಕಲೆ ನೋಡಿ ಇವನು ಇಂಜಿನ್ ಮುಂದಿರುವ ಹಳೇ ಗಾಡಿ ಓಡಿಸಿದವನು ಎಂದು ಹೇಳುತ್ತಿದ್ದರು. ನಾನೊಮ್ಮೆ, ಇಷ್ಟೆಲ್ಲ ಯಾರು ನೋಡ್ತಾರೆ ಬೋರ್ಡಣ್ಣ, ಎಂದಿದ್ದೆ. "ತಲೆ ಮೇಲಿರೋ ಟೋಪಿ ಅವನ ಕೆಲಸ ಏನು ಅಂತ ಹೇಳುತ್ತೆ ತಾಯಿ, ಕೆಳಗಿಟ್ಟ ಟೋಪಿ ಅವನು ಯಾರು ಅಂತ ಹೇಳುತ್ತೆ" ಎಂದರು. ಆ ಮಾತು ನನಗೆ ಆಗ ಅತಿಯಾಯಿತು ಅನ್ನಿಸಿತ್ತು.

ಅವರನ್ನು ಕೆಡಿಸಿದ್ದು ಅವರ ಒಳ್ಳೆಯತನವೇ. ಟೈರ್ ಸೆಕ್ಷನ್ನಿನವನೊಬ್ಬ ಕಾಯಿಲೆ ಬಿದ್ದು ಒಂದು ತಿಂಗಳಲ್ಲಿ ತೀರಿಕೊಂಡ. ಮೂರನೆಯ ದಿನ ಕಾರಿಡಾರಿನಲ್ಲಿ ಸಂತಾಪ ಸಭೆ. ಒಂದು ಚಿತ್ರಕ್ಕೆ ಕಡಿಮೆಯೆಂದರೂ ಎಂಟು ಮಧ್ಯಾಹ್ನ ಬೇಕು. ಆದ್ದರಿಂದ ಗೋಡೆಗೆ ಹೊಡೆದ ಮೊಳೆಯ ಮುಂದೆಯೇ ಎಲ್ಲರೂ ತಲೆ ತಗ್ಗಿಸಿ ನಿಂತರು. ಸತ್ತವನ ಹೆಂಡತಿ ಆ ಮೊಳೆಯನ್ನು ನೋಡಿ, "ನಮ್ಮೋರು ಎಲ್ಲಿ?" ಎಂದು ಕೇಳಿದಳು. ಸಭೆ ಮುಗಿದ ಮೇಲೆ ಬೋರ್ಡಣ್ಣ ನನ್ನ ಸ್ಟೋರಿಗೆ ಬಂದು, ಇನ್ನು ಮುಂದೆ ಯಾರನ್ನೂ ಮೊಳೆಯ ಮುಂದೆ ನಿಲ್ಲಿಸಲ್ಲ ಎಂದರು.

ಅಲ್ಲಿಂದ, ಇಂಥವರಿಗೆ ಡಾಕ್ಟರು ಕೈಚೆಲ್ಲಿದರಂತೆ ಎಂಬ ಸುದ್ದಿ ಬಂದ ಕೂಡಲೇ ಬೋರ್ಡಣ್ಣ ಶುರು ಮಾಡಿಬಿಡುತ್ತಿದ್ದರು. ನೋಡಲು ಹೋದವರ ಹಾಗೆ ಮನೆಗೆ ಹೋಗಿ, ಹೊರಡುವಾಗ ಬಾಗಿಲಲ್ಲಿ ನಿಂತು ಮೆಲ್ಲಗೆ ಟೋಪಿ ಕೇಳುವುದು. ತಂದು ಸ್ಟೂಲಿನ ಮೇಲಿಟ್ಟು ಬರೆಯುವುದು. ಮುಖದ ಜಾಗ ಖಾಲಿ ಬಿಟ್ಟು ಕಾಯುವುದು. ಸುದ್ದಿ ಬಂದ ಮೇಲೆ ಎರಡು ದಿನ ಕೂತು ಮುಖ ಬರೆದು ಮುಗಿಸುವುದು. ಹೀಗೆ ಹನ್ನೊಂದು ಜನ. ಹನ್ನೊಂದರಲ್ಲಿ ಒಂದೂ ತಪ್ಪಲಿಲ್ಲ.

ಜನಕ್ಕೆ ಇಷ್ಟು ಸಾಕಲ್ಲ. ಬೋರ್ಡಣ್ಣ ಟೋಪಿ ಕೇಳಿದರೆ ಆಳು ಉಳಿಯುವುದಿಲ್ಲ ಎಂದು ಡಿಪೋಗೆ ಡಿಪೋನೇ ಮಾತಾಡಿತು. ನೆಗಡಿಯಾದ ಮೆಕ್ಯಾನಿಕ್ ಕೂಡ ಅವರನ್ನು ಕಂಡರೆ ಟೋಪಿಯನ್ನು ಅಂಗಿಯೊಳಗೆ ತುರುಕಿಕೊಳ್ಳುತ್ತಿದ್ದ. "ಬೋರ್ಡಣ್ಣ ಬಂದ್ರು, ಮುಚ್ಚಿಡ್ರೋ" ಎಂದು ಕ್ಯಾಂಟೀನಿನಲ್ಲಿ ನಗೆ ಏಳುತ್ತಿತ್ತು. ಅವರೂ ನಗುತ್ತಿದ್ದರು. ಆದರೆ ಯಾರ ಮನೆಯ ಶುಭಕಾರ್ಯಕ್ಕೂ ಅವರನ್ನು ಕರೆಯುವುದು ನಿಂತುಹೋಯಿತು. ನನಗೆ ಇಂಥದ್ದರಲ್ಲಿ ನಂಬಿಕೆ ಇಲ್ಲ ಎಂದು ಎದೆ ತಟ್ಟಿಕೊಂಡು ಹೇಳುತ್ತಿದ್ದ ನಾನೂ, ಜ್ವರ ಬಂದ ವಾರ ನನ್ನ ಟೋಪಿಯನ್ನು ಬೀರುವಿನೊಳಗಿಟ್ಟು ಬೀಗ ಹಾಕಿದ್ದೆ.

ಒಬ್ಬಳು ಮಾತ್ರ ಹೆದರಲಿಲ್ಲ. ಅವರ ಹೆಂಡತಿ. ಅವಳೂ ನಮ್ಮಲ್ಲೇ ಕಂಡಕ್ಟರ್, ನಾನು ಅಕ್ಕ ಎನ್ನುತ್ತಿದ್ದೆ. ಅವಳ ಗಂಟಲು ಬಸ್ಸಿನ ಹಾರ್ನಿಗೆ ಪೈಪೋಟಿ ಕೊಡುತ್ತಿತ್ತು. ಡಿಪೋದಲ್ಲಿ ಹೆಂಗಸರ ಅಳತೆಯ ಟೋಪಿ ಇಲ್ಲದ ಕಾಲದಲ್ಲಿ ಸೇರಿದವಳಾದ್ದರಿಂದ ಗಂಡಸರದ್ದೇ ಕೊಟ್ಟಿದ್ದರು. ಅದು ಕಿವಿಯವರೆಗೆ ಇಳಿಯುತ್ತಿತ್ತು. ಟಿಕೆಟ್ ಕಾಗದವನ್ನು ಮಡಿಸಿ ಮಡಿಸಿ ಒಳಪಟ್ಟಿಗೆ ತುರುಕಿ ಅದನ್ನು ತಲೆಗೆ ಹೊಂದಿಸಿಕೊಂಡಿದ್ದಳು. ಆ ಕಾಗದದ ಒಂದು ಮೂಲೆ ಸದಾ ಹೊರಗೆ ಇಣುಕುತ್ತಿತ್ತು. "ರೀ, ನನ್ನ ಟೋಪಿ ಬರೆಯೋವಾಗ ಆ ಕಾಗದಾನೂ ಬರೀಬೇಕು, ಇಲ್ಲಾಂದ್ರೆ ಗೋಡೆ ಮೇಲೂ ಜಾರಿ ಬೀಳುತ್ತೆ" ಎಂದು ಗಂಡನನ್ನು ಎಲ್ಲರ ಮುಂದೆ ರೇಗಿಸುತ್ತಿದ್ದಳು. ಇಪ್ಪತ್ತು ವರ್ಷ ತುಂಬಲು ಅವಳಿಗೆ ಆರು ತಿಂಗಳು ಬಾಕಿ ಇತ್ತು.

ಆಗ ಹೊಟ್ಟೆಯಲ್ಲಿ ಗಡ್ಡೆ ಇರುವುದು ಗೊತ್ತಾಯಿತು. ಡಾಕ್ಟರು ಬೋರ್ಡಣ್ಣನನ್ನು ಪಕ್ಕಕ್ಕೆ ಕರೆದು, ಅರ್ಧಕ್ಕರ್ಧ ಆಸೆ ಇದೆ, ಎಂಟು ಇಂಜೆಕ್ಷನ್ ಆಗಬೇಕು, ಮಧ್ಯೆ ಬಿಡಬಾರದು ಎಂದರು. ಬೋರ್ಡಣ್ಣ ಹೊರಗೆ ಬಂದು ಹೆಂಡತಿಗೆ, "ವಾಸಿಯಾಗುತ್ತೆ ಅಂದ್ರು" ಎಂದರು. ಅವರು ಆಡಿದ ಸುಳ್ಳು ಇಷ್ಟೇ, ಅರ್ಧ ಸುಳ್ಳು. ಅಕ್ಕ ನಂಬಿದಳು. ಮೂರು ಇಂಜೆಕ್ಷನ್ ಆಯಿತು. ಕೂದಲು ಉದುರಿತು, ತಿಂದದ್ದೆಲ್ಲ ವಾಂತಿಯಾಯಿತು, ಆದರೂ ಅವಳ ಬಾಯಿ ಮಾತ್ರ ಮೊದಲಿನಂತೆಯೇ ಇತ್ತು. ತಲೆಗೆ ಬಟ್ಟೆ ಕಟ್ಟಿಕೊಂಡು, "ಈಗ ಟೋಪಿಗೆ ಇನ್ನೂ ಎರಡು ಮಡಿಕೆ ಕಾಗದ ಬೇಕಾಗುತ್ತೆ ಕಣೇ" ಎನ್ನುತ್ತಿದ್ದಳು.

ಮೂರನೆಯ ಇಂಜೆಕ್ಷನ್ನಿಗೆ ಹತ್ತು ದಿನ ಮುಂಚೆ ಬೋರ್ಡಣ್ಣ ಸ್ಟೋರಿಗೆ ಬಂದು ಒಂದು ದಪ್ಪ ಹಾಳೆ ಕೇಳಿದರು. ಆ ತಿಂಗಳು ಯಾರೂ ನಿವೃತ್ತರಾಗುವವರಿರಲಿಲ್ಲ. ಇಪ್ಪತ್ತು ವರ್ಷ ತುಂಬುವವರೂ ಇರಲಿಲ್ಲ. ಕಾಯಿಲೆಯಲ್ಲಿದ್ದದ್ದು ಒಬ್ಬಳೇ. ನಾನು ಹಾಳೆಯನ್ನು ಕೈಯಲ್ಲಿ ಹಿಡಿದುಕೊಂಡೇ, "ಯಾರಿಗಿದು?" ಎಂದೆ. "ಸುಮ್ನೆ" ಎಂದರು, ಬೀರುವಿನ ಕಡೆ ನೋಡುತ್ತ. ಗುಂಡುಸೂಜಿಗೂ ಜಗಳ ತೆಗೆಯುವ ನಾನು ಅವತ್ತು ಮರುಮಾತಾಡದೆ ಹಾಳೆ ಕೊಟ್ಟುಬಿಟ್ಟೆ. ಯಾಕೆ ಕೊಟ್ಟೆ ಎಂದು ಈಗಲೂ ನನ್ನನ್ನು ನಾನೇ ಬೈದುಕೊಳ್ಳುತ್ತೇನೆ. ಅವರ ಮುಖ ನೋಡಿ ಕೇಳುವ ಧೈರ್ಯವಾಗಲಿಲ್ಲ, ಅಷ್ಟೇ.

ಮೂರನೆಯ ಇಂಜೆಕ್ಷನ್ ಮುಗಿದು, ಸ್ಕ್ಯಾನ್ ಆದ ಮಾರನೆಯ ದಿನ ಅಕ್ಕ ರಜೆಯ ಅರ್ಜಿ ಕೊಡಲು ಡಿಪೋಗೆ ಬಂದಳು. ಮೊದಲು ನನ್ನ ಹತ್ತಿರವೇ ಬಂದಳು. ಕೈಯಲ್ಲಿ ಊಟದ ಡಬ್ಬಿ.

"ಬೀಗದಮ್ಮಾ, ಒಂದು ವಿಷ್ಯ ಗೊತ್ತಾ? ನನ್ನ ಟೋಪಿ ಪಾಲಿಶ್‌ಗೆ ಹೋಗಿದೆ."

"ಪಾಲಿಶ್‌ಗಾ?"

"ಹೂಂ ಕಣೇ. ಬಿಲ್ಲೆ ಮಂಕಾಗಿದೆ, ಪಾಲಿಶ್ ಮಾಡಿಸಿಕೊಂಡು ಬರ್ತೀನಿ ಅಂತ ನಿಮ್ಮಣ್ಣ ತಗೊಂಡು ಬಂದಿದ್ದಾರೆ. ಬಾಯಿಬಿಟ್ಟು ಹೇಳಲ್ಲ ಆ ಮನುಷ್ಯ. ಡಾಕ್ಟರು ಏನೋ ಒಳ್ಳೇದು ಹೇಳಿರ್ಬೇಕು. ಇನ್ನು ನಾನು ಡ್ಯೂಟಿಗೆ ಬಂದ ಹಾಗೇ."

ಅವರು ಊಟಕ್ಕೆ ಹೋಗಿರಬೇಕು, ಇಲ್ಲೇ ಕೂತ್ಕೋ, ಟೀ ತರಿಸ್ತೀನಿ ಎಂದು ಏನೇನೋ ಬಡಬಡಿಸಿದೆ. "ಊಟ ನನ್ನ ಕೈಲಿದೆ, ಅವರು ಎಲ್ಲಿಗೆ ಊಟಕ್ಕೆ ಹೋಗ್ತಾರೆ?" ಎಂದು ನಕ್ಕು ಹೊರಟೇಬಿಟ್ಟಳು. ನಾನು ಸ್ಟೋರಿಗೆ ಬೀಗವನ್ನೂ ಹಾಕದೆ ಹಿಂದೆ ಓಡಿದೆ. ಅಷ್ಟು ಕಾಯಿಲೆಯವಳು, ತೊಳೆದ ನೀರು ನಿಂತ ನೆಲದ ಮೇಲೆ ನನಗಿಂತ ಬೇಗ ನಡೆದಳು.

ಬೋರ್ಡಣ್ಣ ಹಲಗೆಯ ಮುಂದೆ ಕೂತಿದ್ದರು. ಬ್ರೆಡ್ಡಿನ ಚೂರನ್ನೇ ರಬ್ಬರ್ ಮಾಡಿಕೊಂಡು ಹಾಳೆಯ ಮೇಲೆ ಬೆಳಕು ಬರಬೇಕಾದ ಕಡೆ ಒತ್ತಿ ಒತ್ತಿ ಪೆನ್ಸಿಲ್ಲಿನ ಕಪ್ಪು ತೆಗೆಯುತ್ತಿದ್ದರು. ಎದುರಿಗೆ ಸ್ಟೂಲು, ಸ್ಟೂಲಿನ ಮೇಲೆ ಅವಳ ಟೋಪಿ. ಹಾಳೆಯ ಮೇಲೂ ಸ್ಟೂಲು, ಅವಳ ಟೋಪಿ. ಇಣುಕುವ ಟಿಕೆಟ್ ಕಾಗದದ ಮೂಲೆ ಕೂಡ ಇತ್ತು. ಪಕ್ಕದಲ್ಲಿ ಹೆಗಲಿನ ಎರಡು ಗೆರೆ, ಅದರ ಮೇಲೆ ಏನೂ ಇಲ್ಲ.

ಬಾಗಿಲಲ್ಲಿ ನೆರಳು ಬಿದ್ದದ್ದಕ್ಕೆ ತಿರುಗಿ ನೋಡಿದ ಬೋರ್ಡಣ್ಣ ಥಟ್ಟನೆ ಎದ್ದು ಹಲಗೆಗೆ ಅಡ್ಡ ನಿಂತರು. ಅಕ್ಕ ಅವರನ್ನು ನೋಡಲಿಲ್ಲ, ಸ್ಟೂಲಿನ ಮೇಲಿದ್ದ ಟೋಪಿಯನ್ನು ನೋಡಿದಳು.

"ಪಾಲಿಶ್ ಆಯ್ತಾ?" ಎಂದಳು.

"ಇದು... ಸುಮ್ನೆ ಕಣೇ. ಕೈ ಬಿಡುವಾಗಿತ್ತು ಅಂತ."

"ಸರಿಯಿರಿ ಸ್ವಲ್ಪ. ನೋಡೋಣ." ಅವರನ್ನು ಕೈಯಿಂದ ಪಕ್ಕಕ್ಕೆ ಸರಿಸಿ ಹಾಳೆಯ ಮುಂದೆ ನಿಂತಳು. ಬಹಳ ಹೊತ್ತು ನೋಡಿದಳು. "ಚೆನ್ನಾಗಿ ಬಂದಿದೆ. ಕಾಗದಾನೂ ಬರೆದಿದ್ದೀರಿ."

ಆಮೇಲೆ ಡಬ್ಬಿಯನ್ನು ಬಣ್ಣದ ಡಬ್ಬಗಳ ನಡುವೆ ಇಟ್ಟಳು. ಹಾಳೆಯ ಪಿನ್ನುಗಳನ್ನು ಒಂದೊಂದಾಗಿ ಕಿತ್ತು, ಸುರುಳಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು, ಅರ್ಜಿಯನ್ನೂ ಕೊಡದೆ ಮನೆಗೆ ಹೊರಟುಹೋದಳು. ಬೋರ್ಡಣ್ಣ ಹಿಂದೆ ಹೋಗಲಿಲ್ಲ. ಕೈಯಲ್ಲಿದ್ದ ಬ್ರೆಡ್ಡಿನ ಚೂರನ್ನು ಉಂಡೆ ಮಾಡುತ್ತ ನಿಂತಿದ್ದರು.

"ನಿಮ್ಮ ಕೈ ಮುರಿದು ಹೋಗಬಾರದಿತ್ತಾ" ಎಂದೆ ನಾನು. ನನ್ನ ನಾಲಿಗೆಗೆ ಎಲುಬಿಲ್ಲ. ಅವರು ಕೋಪಿಸಿಕೊಳ್ಳಲಿಲ್ಲ.

"ಅವಳು ಹೋಗ್ತಾಳೆ ಅಂತ ಬರೀಲಿಲ್ಲ ತಾಯಿ. ಒಂದು ವೇಳೆ ಹೋದ್ರೆ ನನಗೆ ಪೆನ್ಸಿಲ್ ಹಿಡಿಯೋಕಾಗಲ್ಲ, ಅದು ಗೊತ್ತು. ಆಗ ಅವಳಿಗೊಬ್ಬಳಿಗೆ ಗೋಡೆ ಮೇಲೆ ಮೊಳೆ ಉಳಿಯುತ್ತೆ. ಟೋಪಿಯೊಂದು ಆದ್ರೂ ಆಗಿರ್ಲಿ ಅಂತ..."

ಹೆದರಿದ ಮನುಷ್ಯ ಕೈಗೆ ಗೊತ್ತಿರುವ ಕೆಲಸಕ್ಕೆ ಓಡುತ್ತಾನೆ. ಬಡಗಿಯಾಗಿದ್ದರೆ ಕುರ್ಚಿಯ ಕಾಲು ಕೆತ್ತುತ್ತಿದ್ದರು, ಯಾರಿಗೂ ಏನೂ ಆಗುತ್ತಿರಲಿಲ್ಲ. ಇವರಿಗೆ ಗೊತ್ತಿದ್ದ ಕೆಲಸ ಇದು.

ನಾಲ್ಕನೆಯ ಇಂಜೆಕ್ಷನ್ನಿನ ದಿನ ಅಕ್ಕ ಹಾಸಿಗೆಯಿಂದ ಏಳಲಿಲ್ಲ. ಬೋರ್ಡಣ್ಣ ಬಂದು ನನ್ನನ್ನು ಕರೆದುಕೊಂಡು ಹೋದರು. ಎರಡು ಕೋಣೆಯ ಮನೆ, ಅಡುಗೆ ಒಲೆಯಿಂದ ಹಾಸಿಗೆ ಕಾಣುತ್ತಿತ್ತು. ಮದುವೆಯಾಗಿ ಬೇರೆ ಊರಿನಲ್ಲಿದ್ದ ಮಗಳೂ ಬಂದಿದ್ದಳು. ಅತ್ತು ಅತ್ತು ಅವಳ ಮೂಗು ಕೆಂಪಾಗಿತ್ತು.

"ಡಾಕ್ಟರು ಅರ್ಧಕ್ಕರ್ಧ ಅಂದಿದ್ದು ಕಣೇ," ಎಂದು ಬೋರ್ಡಣ್ಣ ಮಂಚದ ಪಕ್ಕ ನೆಲದ ಮೇಲೆ ಕೂತು ಹೇಳಿದರು. "ನನ್ನಾಣೆ. ಅರ್ಧ ಆಸೆ ಇದೆ ಅಂದ್ರು."

"ಅವತ್ತು ವಾಸಿಯಾಗುತ್ತೆ ಅಂದ್ರಿ. ಇವತ್ತು ಅರ್ಧ ಅಂತೀರಿ. ನಾಳೆ ಕಾಲು ಅಂತೀರಿ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ನನಗೆ ಭಯವಾಗಿದ್ದು. "ನಿಮ್ಮ ಮಾತು ಬಿಡಿ. ನಿಮ್ಮ ಪೆನ್ಸಿಲ್ ಹನ್ನೊಂದು ಸಲದಲ್ಲಿ ಒಂದು ಸಲ ತಪ್ಪಿದೆಯಾ?"

"ಸ್ಕ್ಯಾನ್ ರಿಪೋರ್ಟ್ ತರ್ತೀನಿ. ನೀನೇ ಓದು."

"ತರಬೇಡಿ. ನನಗೆ ವಾಂತಿ ಮಾಡಿ ಮಾಡಿ ಸಾಕಾಗಿದೆ. ಹೋಗೋದೇ ಆದ್ರೆ ಊಟ ಸೇರೋ ಬಾಯಲ್ಲಿ ಹೋಗ್ತೀನಿ."

ನಾನು ಬೈದೆ, ಕಾಲು ಹಿಡಿದೆ, ಮಗಳು ತಲೆ ಚಚ್ಚಿಕೊಂಡಳು. ಅಕ್ಕ ಗೋಡೆಯ ಕಡೆ ತಿರುಗಿ ಮಲಗಿದಳು. ಹೊರಗೆ ಬಂದ ಮೇಲೆ ಮಗಳು ಅಪ್ಪನಿಗೆ ಒಂದೇ ಮಾತು ಹೇಳಿದಳು: "ನೀವೇ ಬರೆದಿದ್ದು, ನೀವೇ ಅಳಿಸಿ." ಅದರ ನಂತರ ಅವಳು ಅಪ್ಪನ ಜೊತೆ ಮಾತಾಡಿದ್ದನ್ನು ನಾನು ಕಂಡಿಲ್ಲ.

ಬೋರ್ಡಣ್ಣ ರಿಪೋರ್ಟ್ ತರಲು ಎರಡು ಸಲ ಆಸ್ಪತ್ರೆಯ ಗೇಟಿನವರೆಗೆ ಹೋಗಿ ವಾಪಸು ಬಂದರು. ಕೆಟ್ಟದ್ದಿದ್ದರೆ ಅವಳು ಹೇಳಿದ್ದೇ ನಿಜವಾಗುತ್ತದೆ, ಒಳ್ಳೆಯದಿದ್ದರೆ ಅವಳು ನಂಬುವುದಿಲ್ಲ ಎಂಬುದು ಅವರ ವಾದ. ನಾನು ಹೋಗಿ ತರುತ್ತೇನೆ ಎಂದರೆ, ಬೇಡ ಬೇಡ ಎಂದು ಕೈ ಹಿಡಿದುಕೊಂಡರು. ಓದುವುದಕ್ಕೇ ಹೆದರಿಕೆ ಅವರಿಗೆ. ಅದನ್ನು ಬಿಟ್ಟು ಇನ್ನೊಂದು ದಾರಿ ಹಿಡಿದರು. ಮ್ಯಾನೇಜರ್ ಹತ್ತಿರ ಹೋಗಿ, ಇಪ್ಪತ್ತು ವರ್ಷ ತುಂಬುವ ಮೊದಲೇ ಹೆಂಡತಿಯ ಚಿತ್ರ ಗೋಡೆಗೆ ಹಾಕಲು ಒಪ್ಪಿಸಿಕೊಂಡು ಬಂದರು. ಹಗಲೂ ರಾತ್ರಿ ಕೂತು ಐದೇ ದಿನದಲ್ಲಿ ಬರೆದು ಮುಗಿಸಿದರು. ತುಂಬಿದ ಕೆನ್ನೆ, ಕಿವಿಯವರೆಗೆ ಇಳಿದ ಟೋಪಿ, ಇನ್ನೇನು ಕೂಗಲಿರುವ ಬಾಯಿ. ಟೋಪಿ ತಲೆಯ ಮೇಲೆ. ನಾನು ಕಂಡ ಅವರ ಚಿತ್ರಗಳಲ್ಲೆಲ್ಲ ಅದೇ ಚೆಂದದ್ದು.

ಒಂದು ಬೆಳಗ್ಗೆ ಅಕ್ಕನನ್ನು ಡಿಪೋದ ಜೀಪಿನಲ್ಲಿ ಕರೆತಂದೆವು. ಮೆಟ್ಟಿಲು ಹತ್ತಿಸಲು ಇಬ್ಬರು ಬೇಕಾಯಿತು. ಡ್ಯೂಟಿ ಮುಗಿಸಿದ ಡ್ರೈವರುಗಳು, ಆಫೀಸಿನವರು ಎಲ್ಲ ಕಾರಿಡಾರಿನಲ್ಲಿ ಸೇರಿದ್ದರು. ಅವಳು ತನ್ನ ಚಿತ್ರದ ಮುಂದೆ ನಿಂತಳು. ಆಮೇಲೆ ಅಕ್ಕಪಕ್ಕದ ಗೋಡೆಗಳಲ್ಲಿ ಸ್ಟೂಲಿನ ಮೇಲೆ ಟೋಪಿ ಇಟ್ಟು ಕೂತವರಲ್ಲಿ, ಬೋರ್ಡಣ್ಣ ಸಾವಿಗೆ ಮೊದಲೇ ಟೋಪಿ ಬರೆದಿದ್ದ ಹನ್ನೊಂದು ಜನರನ್ನೂ ಒಬ್ಬೊಬ್ಬರನ್ನಾಗಿ ನೋಡಿದಳು.

"ಎಲ್ಲರಿಗೂ ನಿಜ ಬರೆ‌ದ್ರಿ," ಎಂದಳು ಗಂಡನಿಗೆ. "ನನಗೊಬ್ಬಳಿಗೆ ಟೋಪಿ ಹಾಕೋಕೆ ನೋಡ್ತೀರಲ್ರೀ."

ಎಲ್ಲರೂ ನಕ್ಕರು, ಅವಳೂ ನಕ್ಕಳು. ನಗುತ್ತ ನಗುತ್ತ ಕೆಮ್ಮು ಬಂತು, ಗೋಡೆ ಹಿಡಿದುಕೊಂಡಳು. ಬೋರ್ಡಣ್ಣ ಮಾತ್ರ ನಗಲಿಲ್ಲ. ಒಂದು ಜೀವಮಾನವೆಲ್ಲ ಸುಳ್ಳು ಗೆರೆ ಎಳೆಯದ ಮನುಷ್ಯ ಒಂದೇ ಒಂದು ಸುಳ್ಳು ಬರೆದರೆ, ಅದನ್ನು ಯಾರೂ ನಂಬುವುದಿಲ್ಲ. ಅದು ನನಗೆ ಅವತ್ತು ಅರ್ಥವಾಯಿತು.

ಅಕ್ಕ ಐದು ತಿಂಗಳು ಇದ್ದಳು. ಮೊದಲ ಎರಡು ತಿಂಗಳು ಚೆನ್ನಾಗಿಯೇ ಉಂಡಳು, ಕೂದಲೂ ಚೂರು ಬಂತು, ನಾನು ಆಸೆಪಟ್ಟುಕೊಂಡೆ. ಆಮೇಲೆ ನೋವು ಶುರುವಾಯಿತು. ಆ ಸುರುಳಿಯನ್ನು ಅವಳು ದಿಂಬಿನ ಪಕ್ಕವೇ ಇಟ್ಟುಕೊಂಡಿದ್ದಳು. "ಈಗ್ಲಾದ್ರೂ ಮುಖ ಬರೀರಿ, ಇನ್ನೂ ಸ್ವಲ್ಪ ಉಳಿದಿದೆ" ಎಂದು ದಿನವೂ ಹೇಳುತ್ತಿದ್ದಳು. ಬೋರ್ಡಣ್ಣ ಬರೆಯಲಿಲ್ಲ. ಮುಖ ಬರೆಯದಿದ್ದರೆ ಸಾಯುವುದಿಲ್ಲ ಎಂದು ಅವರೂ ನಂಬತೊಡಗಿದ್ದರು, ಡಿಪೋದ ಜನರ ಹಾಗೆಯೇ. ಎಷ್ಟೋ ದಿನ ಅವಳ ಮುಖವನ್ನು ನೇರವಾಗಿ ನೋಡದೆ ಗಂಜಿ ಕುಡಿಸುತ್ತಿದ್ದರು. ನೋಡಿದರೆ ಕೈ ತಾನಾಗಿ ಅಳತೆ ತೆಗೆಯುತ್ತದೆ ಎಂದು ನನ್ನ ಹತ್ತಿರ ಹೇಳಿದ್ದರು. ಕೊನೆಗೂ ಗಂಡ ತನ್ನ ಮುಖ ನೋಡಲಿಲ್ಲ ಎಂಬ ಕೊರಗಿನಲ್ಲೇ ಅವಳು ಹೋದಳು. ಇದನ್ನು ಅವಳೇ ನನಗೆ ಹೇಳಿದ್ದು, ಹೋಗುವ ಹಿಂದಿನ ದಿನ.

ಸುರುಳಿಯನ್ನು ಮಗಳು ತೆಗೆದುಕೊಂಡು ಹೋದಳು. ಗೋಡೆಯ ಮೇಲೆ ಟೋಪಿ ಹಾಕಿಕೊಂಡ ಚಿತ್ರ ಹಾಗೇ ಉಳಿಯಿತು. ಕಾನೂನಿನ ಪ್ರಕಾರ ಅದನ್ನು ಇಳಿಸಬೇಕಿತ್ತು. ಹೇಳುವ ಧೈರ್ಯ ಯಾರಿಗೂ ಬರಲಿಲ್ಲ. ಬೋರ್ಡಣ್ಣ ಆಮೇಲೆ ಬೋರ್ಡು ಮಾತ್ರ ಬರೆದರು. ಊಟದ ಹೊತ್ತಿನಲ್ಲಿ ಬಸ್ಸು ತೊಳೆಯುವುದನ್ನು ನೋಡುತ್ತ ಕೂರುತ್ತಿದ್ದರು.

ಅಕ್ಕನ ಸರ್ವೀಸಿನ ಕಾಗದ ಮುಗಿಸಲು ಆಫೀಸಿನವರು ಆಸ್ಪತ್ರೆಯ ಫೈಲು ಕೇಳಿದರು. ಬೋರ್ಡಣ್ಣ ಕೈ ಮುಗಿದರು, ನಾನೇ ಹೋದೆ. ರೆಕಾರ್ಡ್ ರೂಮಿನ ಹೆಂಗಸು ಫೈಲು ಕೊಡುತ್ತ, "ಇವರಿಗೆ ಎರಡು ಸಲ ಕಾಗದ ಹಾಕಿದ್ವಿ, ಯಾರೂ ಬರಲೇ ಇಲ್ಲ" ಎಂದಳು. ಒಳಗೆ ಆ ಸ್ಕ್ಯಾನ್ ರಿಪೋರ್ಟ್ ಇತ್ತು. ಅದರ ಕೆಳಗೆ ಡಾಕ್ಟರು ಕೈಯಲ್ಲಿ ಬರೆದಿದ್ದರು: ಗಡ್ಡೆ ಅರ್ಧಕ್ಕಿಂತ ಹೆಚ್ಚು ಕರಗಿದೆ, ಉಳಿದ ಐದು ಇಂಜೆಕ್ಷನ್ ತಪ್ಪದೆ ಮುಂದುವರಿಸುವುದು. ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟೆ. ದಪ್ಪ ಹಾಳೆ ಕೊಟ್ಟ ನನ್ನ ಕೈಯನ್ನು ಎಲ್ಲಿ ಇಟ್ಟುಕೊಳ್ಳಲಿ ಎಂದು ತಿಳಿಯಲಿಲ್ಲ. ಆ ಕಾಗದವನ್ನು ಫೈಲಿನಿಂದ ತೆಗೆದು ನನ್ನ ಬೀರುವಿನ ತಳದಲ್ಲಿಟ್ಟು ಬೀಗ ಹಾಕಿದೆ. ನಾಲ್ಕು ವರ್ಷ ಅದರ ಬಗ್ಗೆ ಯಾರಿಗೂ ಬಾಯಿ ಬಿಡಲಿಲ್ಲ.

ಕಳೆದ ತಿಂಗಳು ಬೋರ್ಡಣ್ಣ ನಿವೃತ್ತರಾದರು. ಸಭೆ ಬೇಡ, ಚಿತ್ರ ಬೇಡ ಎಂದಿದ್ದರು. ಮಧ್ಯಾಹ್ನ ನನ್ನ ಸ್ಟೋರಿಗೆ ಬಂದು ತೊಳೆದು ಒಣಗಿಸಿದ ಬ್ರಷ್ಷುಗಳನ್ನು ಮೇಜಿನ ಮೇಲೆ ಜೋಡಿಸಿಟ್ಟರು. ನಾನು ಟೀ ಕೊಟ್ಟೆ. ಅರ್ಧ ಕುಡಿದು ಲೋಟ ಕೆಳಗಿಟ್ಟರು.

"ಬೀಗದಮ್ಮಾ, ಆಸ್ಪತ್ರೆ ಫೈಲು ತಂದವಳು ನೀನು. ಅದರಲ್ಲಿ ರಿಪೋರ್ಟ್ ಇತ್ತಾ?"

"ಇತ್ತು."

"ಇಷ್ಟು ದಿನ ಕೇಳೋಕೆ ಧೈರ್ಯ ಬರ್ಲಿಲ್ಲ. ಏನು ಬರೆದಿತ್ತು?"

ಈ ಪ್ರಶ್ನೆಗೆ ನಾನು ನಾಲ್ಕು ವರ್ಷದಿಂದ ಉತ್ತರ ತಯಾರು ಮಾಡಿಟ್ಟುಕೊಂಡಿದ್ದೆ. ಒಂದು ಮಾತೂ ತೊದಲದೆ ಹೇಳಿದೆ. "ಕೆಟ್ಟದಾಗೇ ಇತ್ತು ಬೋರ್ಡಣ್ಣ. ಎಂಟಾಗಿದ್ರೂ ಅಷ್ಟೇ, ಹದಿನೆಂಟಾಗಿದ್ರೂ ಅಷ್ಟೇ. ಅಕ್ಕ ಉಳೀತಿರಲಿಲ್ಲ. ನಿಮ್ಮಿಂದ ಏನೂ ಆಗಿಲ್ಲ."

ಅವರು ನನ್ನನ್ನು ನೋಡಿದರು. ನಾಲ್ಕು ವರ್ಷದಲ್ಲಿ ಯಾರನ್ನೂ ಹಾಗೆ ನೋಡಿರಲಿಲ್ಲ. ಎದುರಿಗೆ ಕೂರಿಸಿಕೊಂಡು ಬರೆಯುತ್ತಿದ್ದ ದಿನಗಳಲ್ಲಿ ನೋಡುತ್ತಿದ್ದ ಹಾಗೆ, ಹಣೆ, ರೆಪ್ಪೆ, ತುಟಿಯ ಕೊನೆ ಎಲ್ಲವನ್ನೂ ಒಂದೊಂದಾಗಿ ನೋಡಿದರು. ನನಗೆ ಮುಖ ಎಲ್ಲಿ ಇಟ್ಟುಕೊಳ್ಳಬೇಕೋ ತಿಳಿಯಲಿಲ್ಲ.

"ಮೂವತ್ತು ವರ್ಷ ಮುಖ ನೋಡಿದವನು ತಾಯಿ ನಾನು," ಎಂದರು.

ಉಳಿದ ಟೀಯನ್ನು ಅಲ್ಲೇ ಬಿಟ್ಟು ಎದ್ದು, ಬಾಗಿಲಿಗೆ ಕೈ ಊರಿ ಸ್ವಲ್ಪ ಹೊತ್ತು ನಿಂತರು. ಆಮೇಲೆ ಗೇಟಿನ ಕಡೆ ನಡೆದುಹೋದರು. ನಾನು ಕರೆಯಲಿಲ್ಲ. ಕರೆದು ಏನು ಹೇಳಲಿ?